ಟೈಲರ್, ಡ್ಯೂಯಿ, ಬ್ರೂನರ್, ಫ್ರೇರೆ: ಪಠ್ಯಕ್ರಮ ಕಟ್ಟುವಾಗ ಯಾರ ಮಾತು ಕೇಳಬೇಕು?

ಯಾವುದಾದರೂ ಹೊಸ ಪಠ್ಯಕ್ರಮದ ಮುನ್ನುಡಿ ತೆಗೆದು ಓದಿ ನೋಡಿ. ಮಗು ಕೇಂದ್ರಿತ, ಕಲಿಕಾ ಫಲ ಆಧಾರಿತ, ಜ್ಞಾನಕ್ಕೆ ಒತ್ತು, ವಿಮರ್ಶಾತ್ಮಕ ಚಿಂತನೆ, ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ. ಓದುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನ, ಒಬ್ಬರ ಜೊತೆ ಒಬ್ಬರು ಜಗಳ ಆಡುತ್ತ ಕಟ್ಟಿದ ಮಾತುಗಳು. ಒಂದನ್ನು ಪೂರ್ತಿ ಒಪ್ಪಿಕೊಂಡರೆ ಇನ್ನೊಂದರಲ್ಲಿ ಅರ್ಧ ಬಿಡಬೇಕಾಗುತ್ತದೆ. ಮುನ್ನುಡಿ ಬರೆದವರು ಆ ತಲೆನೋವನ್ನು ತರಗತಿಯ ಶಿಕ್ಷಕರಿಗೆ ಬಿಟ್ಟು ಎದ್ದು ಹೋಗಿರುತ್ತಾರೆ.

ಹೊಸದಾಗಿ ಒಂದು ಕೋರ್ಸ್ ಕಟ್ಟಬೇಕಾದವರು, ಪಠ್ಯಕ್ರಮ ಸಮಿತಿಯಲ್ಲಿ ಕೂರುವವರು, ಶಿಕ್ಷಕ ತರಬೇತಿಯಲ್ಲಿ ಈ ಹೆಸರುಗಳನ್ನೆಲ್ಲ ಉರು ಹೊಡೆದು ಪರೀಕ್ಷೆ ಮುಗಿದ ಮೇಲೆ ಮರೆತವರು, ಇವರಿಗಾಗಿ ಈ ಬರಹ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಿದ್ಧಾಂತ ಕೇಳೋದಕ್ಕೆ ಎಷ್ಟು ಚೆಂದ ಎಂದು ನೋಡಿ ಆರಿಸಿದರೆ ಕೈ ಸುಟ್ಟುಕೊಳ್ಳುವುದೇ ಜಾಸ್ತಿ. ಪ್ರತಿಯೊಂದು ಸಿದ್ಧಾಂತವೂ ನಿಮ್ಮಿಂದ ಏನನ್ನೋ ಕೇಳುತ್ತದೆ. ಇಂಥ ಶಿಕ್ಷಕರು ಬೇಕು, ಇಷ್ಟು ಸಮಯ ಬೇಕು, ಇಂಥ ಪರೀಕ್ಷೆ ಬೇಕು ಎನ್ನುತ್ತದೆ. ಅದನ್ನು ಕೊಡಲು ನಿಮ್ಮಿಂದ ಆಗುತ್ತದೆಯೇ ಎಂದು ನೋಡಿ ಆರಿಸಬೇಕು.

ಹೋಲಿಕೆ ಸುಲಭವಾಗಲಿ ಎಂದು ಒಂದೇ ಪಾಠವನ್ನು ಎಲ್ಲರ ಕೈಗೂ ಕೊಟ್ಟು ನೋಡೋಣ. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಬಡ್ಡಿ ಲೆಕ್ಕ ಕಲಿಸಬೇಕು. ಯಾರು ಹೇಗೆ ಕಲಿಸುತ್ತಾರೆ ಎಂಬುದರಲ್ಲೇ ವ್ಯತ್ಯಾಸ ಕಾಣುತ್ತದೆ.

ಎಲ್ಲಿಂದ ಶುರುವಾಯಿತು

1859ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಸ್ಪೆನ್ಸರ್ ಒಂದು ಪ್ರಬಂಧದಲ್ಲಿ ನೇರವಾಗಿ ಕೇಳಿದರು: ಯಾವ ಜ್ಞಾನಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ? ಲ್ಯಾಟಿನ್, ಗ್ರೀಕ್ ಬಂದವರೇ ಓದಿದವರು ಎನ್ನುತ್ತಿದ್ದ ಕಾಲ ಅದು. ಸ್ಪೆನ್ಸರ್ ಕೊಟ್ಟ ಉತ್ತರ ವಿಜ್ಞಾನ. ಜೀವ ಉಳಿಸಿಕೊಳ್ಳಲು ಬೇಕಾದದ್ದು ಮೊದಲು, ಬಿಡುವಿನ ಹೊತ್ತಿನ ಕಲೆ ಸಾಹಿತ್ಯ ಕೊನೆಗೆ ಎಂದು ಅವರು ಸಾಲು ಹಚ್ಚಿದರು. ಆ ಸಾಲನ್ನು ಈಗ ಯಾರೂ ಹಾಗೇ ಒಪ್ಪುವುದಿಲ್ಲ. ಪ್ರಶ್ನೆ ಮಾತ್ರ ಇನ್ನೂ ಹಾಗೇ ಇದೆ.

ಅಮೆರಿಕದಲ್ಲಿ 1893ರಲ್ಲಿ ಹತ್ತು ಜನರ ಸಮಿತಿಯೊಂದು ಪ್ರೌಢಶಾಲೆಯ ವಿಷಯಗಳ ಬಗ್ಗೆ ವರದಿ ಕೊಟ್ಟಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅದರ ಮುಖ್ಯಸ್ಥರು. ಕಾಲೇಜಿಗೆ ಹೋಗುವ ಮಗುವಿಗೂ ಹೋಗದ ಮಗುವಿಗೂ ಒಂದು ವಿಷಯವನ್ನು ಒಂದೇ ರೀತಿ ಕಲಿಸಬೇಕು ಎಂದಿತು ಆ ವರದಿ. ಇದು ಎಲ್ಲರಿಗೂ ಸಮಾನ ಅವಕಾಶ ಕೊಡುವ ಮಾತಾ, ಅಥವಾ ಕಾಲೇಜಿನ ಅಳತೆಯ ಅಂಗಿಯನ್ನು ಎಲ್ಲರಿಗೂ ತೊಡಿಸುವ ಮಾತಾ? ಆಗಲೂ ಜಗಳ ಇತ್ತು, ಈಗಲೂ ಇದೆ. ಮುಂದೆ ಬಂದ ಸಿದ್ಧಾಂತಗಳೆಲ್ಲ ಒಂದಲ್ಲ ಒಂದು ರೀತಿ ಈ ಜಗಳದ್ದೇ ಮುಂದುವರಿಕೆ.

ಗುರಿಯಿಂದ ಹೊರಡುವ ದಾರಿ

ಪಠ್ಯಕ್ರಮ ಎನ್ನುವುದನ್ನೇ ಒಂದು ಪ್ರತ್ಯೇಕ ಅಧ್ಯಯನವಾಗಿ ಮಾಡಿದ ಮೊದಲ ಪುಸ್ತಕ ಬಂದದ್ದು 1918ರಲ್ಲಿ. ಬರೆದವರು ಶಿಕಾಗೊ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಬಾಬಿಟ್. ಆಗ ಕಾರ್ಖಾನೆಗಳಲ್ಲಿ ಫ್ರೆಡರಿಕ್ ಟೇಲರ್ ಅವರ ದಕ್ಷತೆಯ ವಿಚಾರಗಳು ಜೋರಾಗಿದ್ದವು. ಒಂದು ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ತುಂಡಿಗೂ ಸಮಯ ಅಳೆದು, ಹೆಚ್ಚು ಉತ್ಪಾದನೆ ತೆಗೆಯುವ ವಿಧಾನ ಅದು. ಬಾಬಿಟ್ ಅದನ್ನೇ ಶಾಲೆಗೆ ತಂದರು. ದೊಡ್ಡವರು ಜೀವನದಲ್ಲಿ ಏನೇನು ಮಾಡುತ್ತಾರೆ ಎಂದು ಪಟ್ಟಿ ಮಾಡಿ, ಅದಕ್ಕೆ ಬೇಕಾದ ಕೌಶಲಗಳನ್ನು ಮಕ್ಕಳಿಗೆ ಕಲಿಸಿ ಎಂದರು. 1924ರ ಅವರ ಇನ್ನೊಂದು ಪುಸ್ತಕದಲ್ಲಿ ಇಂಥ ಉದ್ದೇಶಗಳು ನೂರಾರು ಇವೆ.

ಈ ದಾರಿಗೆ ಗಟ್ಟಿ ರೂಪ ಕೊಟ್ಟವರು ಅಮೆರಿಕದ ಶಿಕ್ಷಣ ತಜ್ಞ ರಾಲ್ಫ್ ಟೈಲರ್. 1949ರಲ್ಲಿ ಬಂದ ಅವರ ಸಣ್ಣ ಪುಸ್ತಕ ನಾಲ್ಕು ಪ್ರಶ್ನೆ ಕೇಳುತ್ತದೆ. ಶಾಲೆ ಯಾವ ಉದ್ದೇಶ ಸಾಧಿಸಬೇಕು? ಅದಕ್ಕೆ ಯಾವ ಅನುಭವ ಕೊಡಬೇಕು? ಆ ಅನುಭವಗಳನ್ನು ಹೇಗೆ ಜೋಡಿಸಬೇಕು? ಉದ್ದೇಶ ಈಡೇರಿತೋ ಇಲ್ಲವೋ ಎಂದು ಹೇಗೆ ತಿಳಿಯಬೇಕು? ಇವತ್ತಿಗೂ ಪಾಠಯೋಜನೆಯ ಯಾವ ನಮೂನೆ ತೆಗೆದರೂ ಈ ನಾಲ್ಕರ ನೆರಳು ಕಾಣುತ್ತದೆ.

ಟೈಲರ್ ಅವರನ್ನು ಬೈಯುವುದು ಒಂದು ಫ್ಯಾಷನ್ ಆಗಿಬಿಟ್ಟಿದೆ. ನನಗೆ ಅದು ಸ್ವಲ್ಪ ಅನ್ಯಾಯ ಅನಿಸುತ್ತದೆ. ಉದ್ದೇಶಗಳನ್ನು ಆಕಾಶದಿಂದ ತನ್ನಿ ಎಂದು ಅವರು ಹೇಳಲಿಲ್ಲ. ಕಲಿಯುವವರನ್ನು ನೋಡಿ, ಹೊರಗಿನ ಜೀವನ ನೋಡಿ, ವಿಷಯ ತಜ್ಞರನ್ನು ಕೇಳಿ, ಆಮೇಲೆ ನಿಮ್ಮ ಶಿಕ್ಷಣ ತತ್ವ ಮತ್ತು ಕಲಿಕೆಯ ಮನಶ್ಶಾಸ್ತ್ರ ಎಂಬ ಎರಡು ಜರಡಿಯಲ್ಲಿ ಜರಡಿ ಹಿಡಿಯಿರಿ ಎಂದರು. ಮುಂದೆ ಬಂದವರು ಜರಡಿ ಬಿಟ್ಟು ನಮೂನೆ ಮಾತ್ರ ಉಳಿಸಿಕೊಂಡರು.

ಕಲಿಕೆಯ ಉದ್ದೇಶಗಳನ್ನು ಹಂತ ಹಂತವಾಗಿ ವಿಂಗಡಿಸಿದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರ 1956ರ ವರ್ಗೀಕರಣಕ್ಕೂ ಹೀಗೇ ಆಯಿತು. ಕಾಲೇಜುಗಳಲ್ಲಿ ಪರೀಕ್ಷೆ ಪ್ರಶ್ನೆ ತಯಾರಿಸುವವರಿಗೆ ತಮ್ಮೊಳಗೆ ಮಾತಾಡಿಕೊಳ್ಳಲು ಒಂದು ಸಮಾನ ಭಾಷೆ ಬೇಕಿತ್ತು, ಅದಕ್ಕಾಗಿ ಹುಟ್ಟಿದ್ದು ಅದು. ಕೊನೆಗೆ ಎಲ್ಲ ಪಾಠಕ್ಕೂ 'ಹೆಸರಿಸು', 'ವಿವರಿಸು', 'ಹೋಲಿಸು' ಎಂಬಂಥ ಕ್ರಿಯಾಪದಗಳ ಪಟ್ಟಿಯಾಗಿ ಉಳಿಯಿತು. 1962ರಲ್ಲಿ ರಾಬರ್ಟ್ ಮೇಗರ್ ಇನ್ನೂ ಬಿಗಿ ಮಾಡಿದರು. ವಿದ್ಯಾರ್ಥಿ ಏನು ಮಾಡಿ ತೋರಿಸಬೇಕು, ಯಾವ ಸ್ಥಿತಿಯಲ್ಲಿ, ಎಷ್ಟು ಸರಿಯಾಗಿ, ಮೂರೂ ಬರೆಯಬೇಕು ಎಂದರು.

ಬಡ್ಡಿ ಪಾಠ ಈ ದಾರಿಯಲ್ಲಿ ಹೀಗೆ ಬರುತ್ತದೆ: 'ಅಸಲು, ದರ, ಅವಧಿ ಕೊಟ್ಟಾಗ ವಿದ್ಯಾರ್ಥಿಯು ಹತ್ತು ಲೆಕ್ಕಗಳಲ್ಲಿ ಎಂಟರಲ್ಲಿ ಸರಳ ಬಡ್ಡಿಯನ್ನು ಸರಿಯಾಗಿ ಕಂಡುಹಿಡಿಯುವನು.' ಇದನ್ನು ನೋಡಿ ನಗುವವರಿದ್ದಾರೆ. ಆದರೆ ಅನುಭವ ಕಡಿಮೆ ಇರುವ ಶಿಕ್ಷಕರಿಗೂ ನಾಳೆ ಏನು ಮಾಡಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ. ಬೇರೆ ಬೇರೆ ಊರಿನ ನೂರು ತರಗತಿಗಳಲ್ಲಿ ಒಂದೇ ಕೋರ್ಸ್ ನಡೆಯಬೇಕಾದರೆ ಇಷ್ಟು ಸ್ಪಷ್ಟತೆ ಬೇಕೇ ಬೇಕು.

ನರ್ಸಿಂಗ್, ವಾಹನ ಚಾಲನೆ, ಅಕೌಂಟಿಂಗ್, ಭಾಷೆಯ ಆರಂಭದ ಹಂತ, ಯಂತ್ರದ ಸುರಕ್ಷತೆ, ಇಂಥ ಕಡೆ ಕಣ್ಣು ಮುಚ್ಚಿ ಈ ದಾರಿ ಹಿಡಿಯಿರಿ. ಇಲ್ಲಿ 'ಬಂತು' ಮತ್ತು 'ಬರಲಿಲ್ಲ' ನಡುವೆ ಗೆರೆ ಎಳೆಯಬಹುದು. ಕವಿತೆಗೆ, ಇತಿಹಾಸದ ಚರ್ಚೆಗೆ, ಚಿತ್ರಕಲೆಗೆ ಇದು ಒಗ್ಗುವುದಿಲ್ಲ. ಅಲ್ಲಿ ಅಳೆಯಲು ಬರುವುದನ್ನು ಮಾತ್ರ ಕಲಿಸುವ ಚಾಳಿ ಶುರುವಾಗುತ್ತದೆ. 1998ರಲ್ಲಿ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟಾಯ್ ಈ ದಾರಿಯನ್ನೇ ಸ್ವಲ್ಪ ರಿಪೇರಿ ಮಾಡಿದರು. ಕೊನೆಯಲ್ಲಿ ಮಗುವಿಗೆ ಏನು ಅರ್ಥವಾಗಿರಬೇಕು, ಅರ್ಥವಾಗಿದೆ ಎನ್ನಲು ಸಾಕ್ಷಿ ಏನು, ಇವೆರಡನ್ನು ಮೊದಲು ಬರೆದುಕೊಂಡು ಪಾಠವನ್ನು ಆಮೇಲೆ ಕಟ್ಟಿ ಎಂದರು. ಟೈಲರ್ ದಾರಿಯನ್ನೇ ಹಿಡಿಯುವುದಾದರೆ ನಾನು ಈ ರೂಪವನ್ನು ಶಿಫಾರಸು ಮಾಡುತ್ತೇನೆ.

ಮಗುವಿನ ಅನುಭವದಿಂದ ಹೊರಡುವ ದಾರಿ

ಬಾಬಿಟ್‌ಗಿಂತ ಮೊದಲೇ, 1896ರಲ್ಲಿ, ಅದೇ ಶಿಕಾಗೊದಲ್ಲಿ ತತ್ವಜ್ಞಾನಿ ಜಾನ್ ಡ್ಯೂಯಿ ಹೊಸ ಬಗೆಯ ಕಲಿಕೆಯನ್ನು ಪ್ರಯೋಗ ಮಾಡಿ ನೋಡುವ ಒಂದು ಶಾಲೆ ತೆರೆದಿದ್ದರು. ಮಕ್ಕಳು ಅಡುಗೆ ಮಾಡುತ್ತಿದ್ದರು, ನೇಯುತ್ತಿದ್ದರು, ಮರಗೆಲಸ ಮಾಡುತ್ತಿದ್ದರು. ಆ ಕೆಲಸದ ಒಳಗಿಂದಲೇ ಲೆಕ್ಕ, ವಿಜ್ಞಾನ, ಇತಿಹಾಸ ಎದ್ದು ಬರಬೇಕು ಎಂಬುದು ಯೋಚನೆ. 1918ರಲ್ಲಿ ವಿಲಿಯಂ ಕಿಲ್‌ಪ್ಯಾಟ್ರಿಕ್ ಇದನ್ನು ಯೋಜನಾ ವಿಧಾನ ಎಂದು ಜನಪ್ರಿಯ ಮಾಡಿದರು. ಬಾಬಿಟ್ ಪುಸ್ತಕ ಬಂದದ್ದೂ ಅದೇ ವರ್ಷ ಎನ್ನುವುದು ತಮಾಷೆಯ ಸಂಗತಿ. ಕೈಕಸುಬನ್ನು ಎಲ್ಲ ಪಾಠಗಳ ನಡುವೆ ಇಟ್ಟ ಗಾಂಧೀಜಿಯ ನಯೀ ತಾಲೀಮ್ (1937) ಹೊರನೋಟಕ್ಕೆ ಇದರ ನೆಂಟನಂತೆ ಕಂಡರೂ ಅದರ ಬೇರು ಬೇರೆ. ಅದಕ್ಕೆ ಸ್ವಾವಲಂಬನೆ ಮುಖ್ಯವಾಗಿತ್ತು.

ಡ್ಯೂಯಿ ಹೆಸರಿನಲ್ಲಿ ನಡೆದದ್ದೆಲ್ಲ ಡ್ಯೂಯಿ ಹೇಳಿದ್ದಲ್ಲ. ಮಗುವಿಗೆ ಇಷ್ಟ ಬಂದದ್ದನ್ನು ಮಾಡಲು ಬಿಟ್ಟರೆ ಸಾಕು ಎಂದು ಅವರು ಎಲ್ಲೂ ಹೇಳಲಿಲ್ಲ. ಎಲ್ಲ ಅನುಭವವೂ ಕಲಿಸುವುದಿಲ್ಲ, ಕೆಲವು ಅನುಭವ ಮುಂದಿನ ಕಲಿಕೆಗೆ ಅಡ್ಡಿಯೂ ಆಗುತ್ತದೆ ಎಂದು 1938ರಲ್ಲಿ ತಮ್ಮ ಅನುಯಾಯಿಗಳಿಗೇ ಅವರು ಹೇಳಬೇಕಾಯಿತು.

ಬಡ್ಡಿ ಪಾಠ ಇಲ್ಲಿ ಸೂತ್ರದಿಂದ ಶುರುವಾಗುವುದಿಲ್ಲ. ತರಗತಿಯಲ್ಲಿ ಒಂದು ಚಿಕ್ಕ ನಿಧಿ ಇಡುತ್ತಾರೆ. ಮಕ್ಕಳು ಅದರಿಂದ ಬಣ್ಣ, ಕಾಗದ ಕೊಳ್ಳಲು ಸಾಲ ಪಡೆಯುತ್ತಾರೆ. ಒಬ್ಬಳು ವಾರದಲ್ಲಿ ವಾಪಸ್ ಕೊಡುತ್ತಾಳೆ, ಇನ್ನೊಬ್ಬ ಎರಡು ತಿಂಗಳು ಇಟ್ಟುಕೊಳ್ಳುತ್ತಾನೆ. ಇಬ್ಬರಿಗೂ ಒಂದೇ ಲೆಕ್ಕವೇ ಎಂದು ಜಗಳ ಹುಟ್ಟುತ್ತದೆ. ಆ ಜಗಳದಲ್ಲಿ ದರ, ಅವಧಿ ಎರಡೂ ಬೇಕಾಗುತ್ತವೆ. ಸೂತ್ರ ಆಮೇಲೆ ಬರುತ್ತದೆ.

ಚೆನ್ನಾಗಿದೆ, ಅಲ್ವಾ? ಈಗ ಇದು ಏನು ಕೇಳುತ್ತದೆ ನೋಡಿ. ಜಗಳ ಯಾವ ಹೊತ್ತಿನಲ್ಲಿ ಗಣಿತಕ್ಕೆ ತಿರುಗುತ್ತದೆ ಎಂದು ಶಿಕ್ಷಕರಿಗೆ ಗೊತ್ತಾಗಬೇಕು. ಗಣಿತವೂ ಚೆನ್ನಾಗಿ ಬರಬೇಕು, ಮಕ್ಕಳನ್ನೂ ಓದಲು ಬರಬೇಕು. ಒಂದು ಪೀರಿಯಡ್‌ನಲ್ಲಿ ಮುಗಿಯುವ ಪಾಠ ಎರಡು ಮೂರು ವಾರ ಹಿಡಿಯುತ್ತದೆ. ತರಗತಿಯಲ್ಲಿ ಐವತ್ತು ಅರವತ್ತು ಮಕ್ಕಳಿದ್ದರೆ ಐದಾರು ಮಕ್ಕಳು ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಮನೆಯಲ್ಲಿ ಮೊದಲೇ ಓದು ಬರಹದ ವಾತಾವರಣ ಇರುವ ಮಗು ಇದರಲ್ಲಿ ಬೇಗ ಮುಂದೆ ಹೋಗುತ್ತದೆ. ಅದಿಲ್ಲದ ಮಗುವಿಗೆ ಸ್ಪಷ್ಟವಾದ ಪಾಠವೇ ಹೆಚ್ಚು ಬೇಕಿರಬಹುದು.

ಹಾಗಾದರೆ ಈ ದಾರಿ ಕೆಲಸ ಮಾಡುವುದೇ ಇಲ್ಲವೇ? ಮಾಡಿದೆ. 1933ರಿಂದ 1941ರವರೆಗೆ ಅಮೆರಿಕದಲ್ಲಿ ಎಂಟು ವರ್ಷದ ಅಧ್ಯಯನವೊಂದು ನಡೆಯಿತು. ಸುಮಾರು 30 ಪ್ರೌಢಶಾಲೆಗಳಿಗೆ ತಮಗೆ ಬೇಕಾದ ಪಠ್ಯಕ್ರಮ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತು. 300ಕ್ಕೂ ಹೆಚ್ಚು ಕಾಲೇಜುಗಳು ಆ ಶಾಲೆಗಳ ಮಕ್ಕಳಿಗೆ ಪ್ರವೇಶದ ಮಾಮೂಲಿ ಷರತ್ತುಗಳನ್ನು ಸಡಿಲಿಸಿದವು. ಅಲ್ಲಿಂದ ಬಂದ 1475 ವಿದ್ಯಾರ್ಥಿಗಳನ್ನು ಬೇರೆ ಶಾಲೆಗಳಿಂದ ಬಂದ ಅಷ್ಟೇ ವಿದ್ಯಾರ್ಥಿಗಳ ಜೊತೆ ಜೋಡಿ ಮಾಡಿ ಹೋಲಿಸಿದರು. ಪ್ರಯೋಗದ ಶಾಲೆಯವರು ಕಾಲೇಜಿನಲ್ಲಿ ಹಿಂದೆ ಬೀಳಲಿಲ್ಲ, ಕೆಲವು ವಿಷಯದಲ್ಲಿ ಒಂದು ಹೆಜ್ಜೆ ಮುಂದೆಯೇ ಇದ್ದರು. ಈ ಅಧ್ಯಯನದ ಮೌಲ್ಯಮಾಪನ ನೋಡಿಕೊಂಡವರು ಯಾರು ಗೊತ್ತಾ? ಟೈಲರ್. ಅವರ ನಾಲ್ಕು ಪ್ರಶ್ನೆಗಳು ಬೆಳೆದದ್ದು ಈ ಶಾಲೆಗಳ ಜೊತೆ ಕೆಲಸ ಮಾಡುತ್ತಲೇ. ವರದಿ 1942ರಲ್ಲಿ, ಯುದ್ಧದ ನಡುವೆ ಬಂತು. ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ.

ಆ ಶಾಲೆಗಳಿಗೆ ಸಿಕ್ಕಿದ್ದನ್ನು ಗಮನಿಸಿ. ಪ್ರವೇಶದ ಷರತ್ತು ಸಡಿಲವಾಗಿತ್ತು, ತಜ್ಞರ ಬೆಂಬಲ ಇತ್ತು, ಎಂಟು ವರ್ಷ ಸಮಯ ಇತ್ತು. ಇದರಲ್ಲಿ ನಿಮ್ಮ ಬಳಿ ಏನಿದೆ ಎಂದು ಕೇಳಿಕೊಂಡು ಆಮೇಲೆ ಡ್ಯೂಯಿ ಕಡೆ ತಿರುಗಿ. ಚಿಕ್ಕ ಮಕ್ಕಳ ತರಗತಿ, ಚಿಕ್ಕ ಗುಂಪು, ಬಾಹ್ಯ ಪರೀಕ್ಷೆ ಇಲ್ಲದ ಕೋರ್ಸ್ ಆದರೆ ಧೈರ್ಯವಾಗಿ ಹೋಗಬಹುದು.

ವಿಷಯದಿಂದ ಹೊರಡುವ ದಾರಿ

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅಮೆರಿಕದಲ್ಲಿ ಶಾಲೆಗಳ ಮೇಲೆ ಸಿಟ್ಟು ತಿರುಗಿತು. ಮಕ್ಕಳಿಗೆ ವಿಜ್ಞಾನ ಸರಿಯಾಗಿ ಕಲಿಸುತ್ತಿಲ್ಲ ಎಂದು ಎಲ್ಲರೂ ಕೂಗಾಡಿದರು. 1958ರಲ್ಲಿ ಅದಕ್ಕೆಂದೇ ಕಾನೂನು ಮಾಡಿ ಹಣ ಹರಿಸಿದರು. 1959ರಲ್ಲಿ ವುಡ್ಸ್ ಹೋಲ್ ಎಂಬಲ್ಲಿ ಸುಮಾರು 35 ಮಂದಿ ವಿಜ್ಞಾನಿಗಳು, ವಿದ್ವಾಂಸರು ಹತ್ತು ದಿನ ಕೂತು ಮಾತಾಡಿದರು. ಅದರ ಮುಖ್ಯಸ್ಥ, ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಮರುವರ್ಷ ಅದರ ಸಾರವನ್ನು ಪುಸ್ತಕ ಮಾಡಿದರು. ಪ್ರತಿ ವಿಷಯಕ್ಕೂ ಕೆಲವು ಮೂಲ ವಿಚಾರಗಳಿವೆ, ಅವನ್ನು ಯಾವ ವಯಸ್ಸಿನ ಮಗುವಿಗೂ ಪ್ರಾಮಾಣಿಕವಾದ ಒಂದು ರೂಪದಲ್ಲಿ ಹೇಳಿಕೊಡಬಹುದು, ವರ್ಷ ಕಳೆದಂತೆ ಮತ್ತೆ ಅದೇ ವಿಚಾರಕ್ಕೆ ಬಂದು ಆಳಕ್ಕೆ ಹೋಗಬೇಕು ಎಂಬುದು ಅವರ ವಾದ. ಇದೇ ಸುರುಳಿ ಪಠ್ಯಕ್ರಮ.

ಬಡ್ಡಿ ಬ್ರೂನರ್ ಕೈಗೆ ಹೋದರೆ ಅದು ಹಣದ ಪಾಠವಾಗಿ ಉಳಿಯುವುದಿಲ್ಲ. ಬೆಳೆದದ್ದರ ಮೇಲೆ ಮತ್ತೆ ಬೆಳೆಯುವುದು ಎಂಬ ಮೂಲ ವಿಚಾರ ಮುಂದೆ ಬರುತ್ತದೆ. ಎಂಟು ವರ್ಷದ ಮಗು ಕಾಗದ ಮಡಚಿ ದುಪ್ಪಟ್ಟಾಗುವುದನ್ನು ನೋಡುತ್ತದೆ. ಹನ್ನೆರಡಕ್ಕೆ ಚಕ್ರಬಡ್ಡಿ. ಹದಿನಾರಕ್ಕೆ ಅದೇ ವಿಚಾರ ಬ್ಯಾಕ್ಟೀರಿಯಾದ ಸಂಖ್ಯೆಗೂ ರೋಗ ಹರಡುವ ವೇಗಕ್ಕೂ ಹೋಗಿ ನಿಲ್ಲುತ್ತದೆ. ಮೂರು ಕಡೆ ಒಂದೇ ಎಳೆ.

ನನಗೆ ಓದಲು ಅತ್ಯಂತ ಇಷ್ಟವಾಗುವ ಸಿದ್ಧಾಂತ ಇದು. ಜಾರಿಯಲ್ಲಿ ಇದಕ್ಕೆ ಬಿದ್ದ ಪೆಟ್ಟೂ ಅಷ್ಟೇ ದೊಡ್ಡದು. ಹೊಸ ಗಣಿತ ಎಂದು ಆ ಕಾಲದಲ್ಲಿ ಬಂದ ಪಠ್ಯಗಳಲ್ಲಿ ಗಣಗಳು (ಸೆಟ್‌ಗಳು), ಹತ್ತರ ಬದಲು ಬೇರೆ ಆಧಾರದ ಸಂಖ್ಯಾಪದ್ಧತಿಗಳು ತುಂಬಿದ್ದವು. ಗಣಿತಜ್ಞರಿಗೆ ಅವು ಸುಂದರ. ಬಹಳಷ್ಟು ಶಿಕ್ಷಕರಿಗೆ ಹೊಸದು, ತಂದೆ ತಾಯಿಗೆ ಪೂರ್ತಿ ಅಪರಿಚಿತ. ಹತ್ತು ಹದಿನೈದು ವರ್ಷದೊಳಗೆ 'ಮಕ್ಕಳಿಗೆ ಕೂಡಿಸುವುದೇ ಬರುತ್ತಿಲ್ಲ' ಎಂದು ಅದನ್ನು ಬದಿಗಿಟ್ಟರು. ಬ್ರೂನರ್ ಅವರೇ ಮುಂದೆ ನಿಂತು ಮಾಡಿದ ಸಮಾಜ ವಿಜ್ಞಾನದ ಕೋರ್ಸ್ ಒಂದಿತ್ತು. ಮನುಷ್ಯ ಮನುಷ್ಯನಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಸಾಮನ್ ಮೀನು, ಬಬೂನ್ ಕೋತಿ, ಉತ್ತರ ಧ್ರುವದ ಹತ್ತಿರದ ನೆಟ್ಸಿಲಿಕ್ ಜನರ ಬದುಕಿನ ಮೂಲಕ ಮಕ್ಕಳ ಮುಂದೆ ಇಡುವ ಕೋರ್ಸ್. ಅದರಲ್ಲಿನ ಮೌಲ್ಯಗಳು ಸರಿಯಿಲ್ಲ ಎಂದು 1975ರಲ್ಲಿ ಅಮೆರಿಕದ ಕಾಂಗ್ರೆಸ್‌ನಲ್ಲೇ ಗಲಾಟೆಯಾಗಿ ಹಣ ನಿಂತಿತು. ತಜ್ಞರು ಕಟ್ಟಿದರು, ಉಳಿದವರನ್ನು ಕೇಳಲಿಲ್ಲ.

ವಿಷಯವೇ ಮುಖ್ಯ ಎನ್ನುವವರಲ್ಲಿ ಇನ್ನೂ ಎರಡು ಬಗೆ ಇದ್ದಾರೆ. ಇ. ಡಿ. ಹರ್ಷ್ 1987ರಲ್ಲಿ, ಓದಿದ್ದು ಅರ್ಥವಾಗಬೇಕಾದರೆ ಹಿನ್ನೆಲೆ ತಿಳಿದಿರಬೇಕು, ಆ ತಿಳಿವಳಿಕೆಯನ್ನು ಎಲ್ಲ ಮಕ್ಕಳಿಗೂ ಕೊಡಿ ಎಂದರು. ಜೊತೆಗೆ ಸುಮಾರು 5000 ಪದ, ಹೆಸರುಗಳ ಪಟ್ಟಿಯನ್ನೂ ಇಟ್ಟರು. ವಾದ ಗಟ್ಟಿ ಇತ್ತು. ಜನ ಪಟ್ಟಿ ಹಿಡಿದುಕೊಂಡು ಹೊಡೆದಾಡಿದರು. ಇನ್ನೊಬ್ಬರು ಇಂಗ್ಲೆಂಡಿನ ಮೈಕೆಲ್ ಯಂಗ್. 1971ರಲ್ಲಿ, ಶಾಲೆಯಲ್ಲಿ ಕಲಿಸುವ ಜ್ಞಾನ ಬಲಶಾಲಿಗಳ ಆಯ್ಕೆ ಎಂದು ವಾದಿಸಿದವರು ಇವರು. 2008ರ ಹೊತ್ತಿಗೆ ತಮ್ಮ ನಿಲುವನ್ನೇ ತಿದ್ದಿಕೊಂಡರು. ಯಾರು ಆರಿಸಿದರು ಎಂಬುದರ ಜೊತೆಗೆ ಆ ಜ್ಞಾನ ಮಗುವಿಗೆ ಏನು ಶಕ್ತಿ ಕೊಡುತ್ತದೆ ಎಂಬುದನ್ನೂ ಕೇಳಬೇಕು, ಮನೆಯ ಅನುಭವದಿಂದ ಸಿಗದ್ದನ್ನು ಕೊಡುವುದೇ ಶಾಲೆಯ ಕೆಲಸ ಎಂದರು. ಚಕ್ರಬಡ್ಡಿ ಇದಕ್ಕೆ ಒಳ್ಳೆಯ ಉದಾಹರಣೆ. ಸಾಲದ ಅನುಭವ ಎಷ್ಟೇ ಇದ್ದರೂ ಇಪ್ಪತ್ತು ವರ್ಷದಲ್ಲಿ ಅದು ಎಷ್ಟಾಗುತ್ತದೆ ಎಂದು ಅನುಭವ ಹೇಳುವುದಿಲ್ಲ. ಅದಕ್ಕೆ ಗಣಿತವೇ ಬೇಕು.

ವಿಷಯ ತಿಳಿದ ಶಿಕ್ಷಕರು ಇದ್ದಾರೆ, ಮುಂದಿನ ತರಗತಿಗಳ ಜೊತೆ ಕೊಂಡಿ ಇದೆ, ನಾಲ್ಕೈದು ವರ್ಷದ ಪಠ್ಯವನ್ನು ಒಟ್ಟಿಗೆ ಜೋಡಿಸುವ ಅವಕಾಶ ಇದೆ ಎಂದಾದರೆ ಬ್ರೂನರ್ ದಾರಿ ಹಿಡಿಯಿರಿ. ಮೂರು ತಿಂಗಳ ಕೋರ್ಸಿಗೆ ಸುರುಳಿ ಸುಮ್ನೆ ಅಲಂಕಾರ.

ಸಮಾಜದಿಂದ ಹೊರಡುವ ದಾರಿ

ಆರ್ಥಿಕ ಕುಸಿತದ ಕಾಲದಲ್ಲಿ, 1932ರಲ್ಲಿ, ಅಮೆರಿಕದ ಜಾರ್ಜ್ ಕೌಂಟ್ಸ್, ಮಗು ಕೇಂದ್ರಿತ ಶಿಕ್ಷಣ ಬೇಕೆನ್ನುತ್ತಿದ್ದ ತಮ್ಮ ಪ್ರಗತಿಪರ ಗೆಳೆಯರಿಗೇ ಒಂದು ಸವಾಲು ಹಾಕಿದರು. ಹೊಸ ಸಮಾಜ ಕಟ್ಟುವ ಧೈರ್ಯ ಶಾಲೆಗೆ ಇದೆಯೇ ಎಂದು ಕೇಳಿದರು. ಈ ದಾರಿಯ ದೊಡ್ಡ ಹೆಸರು ಮಾತ್ರ ಬ್ರೆಜಿಲ್‌ನ ಪಾವ್ಲೊ ಫ್ರೇರೆ. 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿ ಕಾರ್ಮಿಕರಿಗೆ 40 ಗಂಟೆಯಲ್ಲಿ ಓದು ಬರಹ ಕಲಿಸುವ ಕೆಲಸ ಅವರ ತಂಡ ಮಾಡಿತು. ವರ್ಣಮಾಲೆಯಿಂದ ಶುರು ಮಾಡಲಿಲ್ಲ. ಕಾರ್ಮಿಕರ ದಿನದಿನದ ಬದುಕಿನಲ್ಲಿ ಬರುವ ಪದಗಳನ್ನು ಆರಿಸಿ, ಅವುಗಳ ಸುತ್ತ ಮಾತಾಡಿಸಿ, ಅಲ್ಲಿಂದ ಅಕ್ಷರಕ್ಕೆ ಬಂದರು. ಮರುವರ್ಷ ಸೇನೆ ಅಧಿಕಾರ ಹಿಡಿಯಿತು. ಫ್ರೇರೆ ಜೈಲಿಗೆ ಹೋಗಿ, ಆಮೇಲೆ ದೇಶ ಬಿಟ್ಟರು. ಶಿಕ್ಷಕ ತುಂಬುವವನು, ವಿದ್ಯಾರ್ಥಿ ತುಂಬಿಸಿಕೊಳ್ಳುವವನು ಎಂಬ ಪದ್ಧತಿಯನ್ನು ಬ್ಯಾಂಕಿನಲ್ಲಿ ಹಣ ಇಡುವುದಕ್ಕೆ ಹೋಲಿಸಿದವರು ಅವರೇ.

ಫ್ರೇರೆ ತರಗತಿಯಲ್ಲಿ ಬಡ್ಡಿ ಪಾಠ 'ಸಾಲ' ಎಂಬ ಪದದಿಂದ ಶುರುವಾಗುತ್ತದೆ. ನಿಮ್ಮ ಮನೆಯಲ್ಲಿ ಯಾರು ಸಾಲ ಮಾಡಿದ್ದಾರೆ, ಯಾಕೆ? ದರ ಯಾರು ಗೊತ್ತು ಮಾಡುತ್ತಾರೆ? ಹೆಚ್ಚು ಹಣ ಇರುವವರಿಗೆ ಕಡಿಮೆ ದರ, ಇಲ್ಲದವರಿಗೆ ಜಾಸ್ತಿ ದರ ಯಾಕೆ? ಲೆಕ್ಕ ಇಲ್ಲೂ ಬರುತ್ತದೆ, ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಆಯುಧವಾಗಿ ಬರುತ್ತದೆ.

ವಯಸ್ಕರ ಶಿಕ್ಷಣ, ಸಮುದಾಯದ ಕೆಲಸ, ಆರೋಗ್ಯ ತಿಳಿವಳಿಕೆ ಇಂಥ ಕಡೆ ಇದರಷ್ಟು ಜೀವ ಇರುವ ದಾರಿ ಇನ್ನೊಂದಿಲ್ಲ. ಕಲಿಯುವವರ ಕೈಯಲ್ಲಿ ಆಗಲೇ ಅನುಭವದ ರಾಶಿ ಇರುತ್ತದೆ. ಚಿಕ್ಕ ಮಕ್ಕಳ ಜೊತೆ ಹುಷಾರಾಗಿರಬೇಕು. ಮಕ್ಕಳಿಗೆ ಪ್ರಶ್ನೆ ಕಲಿಸುತ್ತೇನೆ ಎಂದು ಹೊರಟು ತನ್ನ ಉತ್ತರವನ್ನೇ ತುಂಬಿಬಿಡುವ ಶಿಕ್ಷಕರಿದ್ದಾರೆ. ಮತ್ತೆ ಅದೂ ಬ್ಯಾಂಕೇ ಆಯಿತು. ಅಧಿಕಾರದಲ್ಲಿ ಇರುವವರಿಗೆ ಇಂಥ ಪಾಠ ಇಷ್ಟವಾಗುವುದಿಲ್ಲ ಎನ್ನುವುದೂ ಲೆಕ್ಕದಲ್ಲಿರಲಿ. ಸಂಸ್ಥೆ ನಿಮ್ಮ ಹಿಂದೆ ನಿಲ್ಲುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಗುರಿ ಬರೆಯದ ದಾರಿ

ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ಅವರದ್ದು ಬೇರೆಯೇ ಜಾಡು. 1967ರಲ್ಲಿ ಶುರುವಾದ ಅವರ ಮಾನವಿಕ ಪಠ್ಯಕ್ರಮ ಯೋಜನೆ 14ರಿಂದ 16 ವರ್ಷದವರಿಗಾಗಿ ಇತ್ತು. ಯುದ್ಧ, ಕುಟುಂಬ, ಬಡತನ ಮುಂತಾದ ವಿವಾದದ ವಿಷಯಗಳನ್ನು ತರಗತಿಗೆ ತಂದರು. ಶಿಕ್ಷಕರು ಚರ್ಚೆ ನಡೆಸಬೇಕು, ತಮ್ಮ ಅಭಿಪ್ರಾಯವನ್ನು ಹೇರಬಾರದು. ಚರ್ಚೆ ಎಲ್ಲಿಗೆ ಮುಟ್ಟಬೇಕು ಎಂದು ಮೊದಲೇ ಬರೆದಿಡುವ ಹಾಗಿಲ್ಲ. ಒಳ್ಳೆಯ ಶಿಕ್ಷಣದಲ್ಲಿ ಫಲ ಏನು ಬರುತ್ತದೆ ಎಂದು ಮುಂಚೆ ಹೇಳಲು ಆಗಬಾರದು ಎಂಬ ಅರ್ಥದ ಮಾತನ್ನು ಅವರು 1975ರಲ್ಲಿ ಬರೆದರು. ಗುರಿಯ ಬದಲು ಚರ್ಚೆ ಹೇಗೆ ನಡೆಯಬೇಕು ಎಂಬ ನಿಯಮ ಬರೆದಿಡಿ, ಶಿಕ್ಷಕರೇ ತಮ್ಮ ತರಗತಿಯನ್ನು ಅಧ್ಯಯನ ಮಾಡಲಿ ಎಂದರು.

ಬಡ್ಡಿಯ ಲೆಕ್ಕಕ್ಕೆ ಈ ದಾರಿ ಬೇಡ. ಉತ್ತರ ಒಂದೇ ಇರುವಾಗ ತಟಸ್ಥರಾಗಿ ಕೂರುವುದು ತಮಾಷೆಯಾಗುತ್ತದೆ. 'ಬಡ್ಡಿ ತೆಗೆದುಕೊಳ್ಳುವುದು ನ್ಯಾಯವೇ?' ಎಂದು ಕೇಳಿ ನೋಡಿ. ಧರ್ಮಗಳು, ಕಾನೂನುಗಳು, ವ್ಯಾಪಾರಿಗಳು ಇದಕ್ಕೆ ನೂರಾರು ವರ್ಷಗಳಿಂದ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಇಲ್ಲಿ ಸ್ಟೆನ್‌ಹೌಸ್ ಬಿಟ್ಟರೆ ಬೇರೆ ದಾರಿ ಇಲ್ಲ. ಒಂದೇ ಪಾಠದ ಎರಡು ತುಂಡಿಗೆ ಎರಡು ಸಿದ್ಧಾಂತ ಬೇಕಾಗುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಆಯ್ಕೆ ಅಲ್ಲ, ತಪಾಸಣೆ

ಇನ್ನು ಕೆಲವು ವಿಚಾರಗಳು ದಾರಿ ಎನ್ನುವುದಕ್ಕಿಂತ ಕನ್ನಡಿ ಇದ್ದ ಹಾಗೆ. 1968ರಲ್ಲಿ ಫಿಲಿಪ್ ಜಾಕ್ಸನ್ ತರಗತಿಗಳಲ್ಲಿ ಕೂತು ನೋಡಿ, ಮಕ್ಕಳು ಅಲ್ಲಿ ಕಾಯುವುದನ್ನು, ಹೊಗಳಿಕೆಗೆ ಹೊಂದಿಕೊಳ್ಳುವುದನ್ನು, ಅಧಿಕಾರಕ್ಕೆ ಬಗ್ಗುವುದನ್ನು ಕಲಿಯುತ್ತಾರೆ ಎಂದು ಬರೆದರು. ಯಾವ ಪುಸ್ತಕದಲ್ಲೂ ಇಲ್ಲದ ಈ ಪಾಠಕ್ಕೆ ಗುಪ್ತ ಪಠ್ಯಕ್ರಮ ಎಂದು ಹೆಸರು. 1979ರಲ್ಲಿ ಎಲಿಯಟ್ ಐಸ್ನರ್ ಇನ್ನೊಂದು ಸೇರಿಸಿದರು. ಶಾಲೆ ಏನನ್ನು ಕಲಿಸುವುದಿಲ್ಲವೋ ಅದೂ ಒಂದು ಪಾಠವೇ ಎಂದರು. ಅದೇ ವರ್ಷ ಮೈಕೆಲ್ ಆ್ಯಪಲ್, ಇದು ಯಾರ ಜ್ಞಾನ ಎಂದು ಕೇಳಿದರು. ನೀವು ಯಾವ ದಾರಿ ಹಿಡಿದರೂ ಕರಡು ಮುಗಿದ ಮೇಲೆ ಈ ಮೂವರ ಕೈಗೆ ಕೊಟ್ಟು ನೋಡಿ. ಠೇವಣಿಯ ಬಡ್ಡಿ ಲೆಕ್ಕ ಹತ್ತು, ಸಾಲದ ಕಂತಿನ ಲೆಕ್ಕ ಒಂದೂ ಇಲ್ಲ ಎಂದಾದರೆ, ನಿಮ್ಮ ಪುಸ್ತಕ ಎಂಥ ಮನೆಯ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದೆ ಎಂದು ಕಾಣುತ್ತದೆ.

ಹಾಗಾದರೆ ಆರಿಸುವುದು ಹೇಗೆ

ನಾನು ಮೊದಲು ನೋಡುವುದು ಪರೀಕ್ಷೆಯನ್ನು. ಕೊನೆಯ ಪರೀಕ್ಷೆ ಏನು ಕೇಳುತ್ತದೆಯೋ ಅದೇ ನಿಜವಾದ ಪಠ್ಯಕ್ರಮ ಆಗಿಬಿಡುತ್ತದೆ. ಸ್ಕಾಟ್ಲೆಂಡ್ 2010ರಿಂದ ಬಹಳ ವಿಶಾಲವಾದ, ವಿದ್ಯಾರ್ಥಿಯ ಸಾಮರ್ಥ್ಯಕ್ಕೆ ಒತ್ತು ಕೊಡುವ ಪಠ್ಯಕ್ರಮ ಜಾರಿ ಮಾಡಿತು. ಅದರ ಆಶಯಕ್ಕೂ ಮೇಲಿನ ತರಗತಿಗಳ ಪರೀಕ್ಷೆಗೂ ಹೊಂದಾಣಿಕೆ ಇಲ್ಲ ಎಂದು 2021ರಲ್ಲಿ ಒಇಸಿಡಿ (ಆರ್ಥಿಕ ಸಹಕಾರಕ್ಕಾಗಿ ಹಲವು ದೇಶಗಳು ಸೇರಿ ಕಟ್ಟಿದ ಸಂಸ್ಥೆ) ವರದಿ ಹೇಳಿತು. ಪರೀಕ್ಷೆ ಬದಲಿಸುವ ಅಧಿಕಾರ ನಿಮಗೆ ಇಲ್ಲದಿದ್ದರೆ, ಆ ಪರೀಕ್ಷೆಗೆ ಹತ್ತಿರ ಇರುವ ಸಿದ್ಧಾಂತದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಆಚೆ ಸರಿಯಿರಿ.

ಆಮೇಲೆ ಶಿಕ್ಷಕರು. ದಕ್ಷಿಣ ಆಫ್ರಿಕಾದ ಕತೆ ಪ್ರತಿ ಸಮಿತಿಯೂ ಓದಬೇಕು. ವರ್ಣಭೇದದ ಆಡಳಿತ ಮುಗಿದ ಮೇಲೆ, 1997ರಲ್ಲಿ, ಫಲಿತಾಂಶ ಆಧಾರಿತ ಹೊಸ ಪಠ್ಯಕ್ರಮ ಘೋಷಿಸಿದರು. ಹಳೆಯ ಗಿಳಿಪಾಠ ಹೋಗಲಿ, ಮಕ್ಕಳು ಯೋಚಿಸಲಿ ಎಂಬ ಆಸೆ ಒಳ್ಳೆಯದೇ. ಆದರೆ ಅದರ ಭಾಷೆ ಹೊಸ ಹೊಸ ಪಾರಿಭಾಷಿಕ ಪದಗಳಿಂದ ತುಂಬಿ ಹೋಗಿತ್ತು. ತರಬೇತಿ ಸಾಲಲಿಲ್ಲ, ಪುಸ್ತಕ ಸಾಮಗ್ರಿ ಸಾಲಲಿಲ್ಲ. ಏನು ಕಲಿಸಬೇಕು ಎಂಬುದನ್ನು ಶಿಕ್ಷಕರೇ ಕಟ್ಟಿಕೊಳ್ಳಬೇಕಿತ್ತು. ಸೌಲಭ್ಯ ಇದ್ದ ಶಾಲೆಗಳು ಹೇಗೋ ನಿಭಾಯಿಸಿದವು. ಯಾರಿಗಾಗಿ ಇದನ್ನು ಮಾಡಿದ್ದರೋ ಆ ಬಡ ಶಾಲೆಗಳೇ ಹೆಚ್ಚು ಕಷ್ಟಪಟ್ಟವು. 2000ದಲ್ಲಿ ಪರಿಶೀಲನೆ ನಡೆಯಿತು, ತಿದ್ದುಪಡಿ ಬಂತು. 2012ರಿಂದ ಏನು, ಯಾವಾಗ ಕಲಿಸಬೇಕು ಎಂದು ಬಿಡಿಸಿ ಹೇಳುವ ಪಠ್ಯಕ್ಕೆ ಮರಳಿದರು. ಹೊಸ ಗಣಿತ ಸೋತದ್ದೂ ಹೆಚ್ಚು ಕಡಿಮೆ ಇದೇ ಕಾರಣಕ್ಕೆ.

ಮೂರನೆಯದು ಬೆರಕೆಯ ಪ್ರಶ್ನೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳೋಣ ಎನ್ನುವುದು ಸಮಿತಿಗಳ ಮಾಮೂಲಿ ತೀರ್ಮಾನ. ಕೆಲವು ಬೆರೆಯುತ್ತವೆ. ಬ್ರೂನರ್ ಅವರ ಸುರುಳಿ ಟೈಲರ್ ಅವರ ಮೂರನೇ ಪ್ರಶ್ನೆಯ ಒಳಗೆ ಚೆನ್ನಾಗಿ ಕೂರುತ್ತದೆ. ಡ್ಯೂಯಿ ಮತ್ತು ಫ್ರೇರೆ ಬಹಳ ದೂರದವರೆಗೆ ಜೊತೆಗೇ ನಡೆಯುತ್ತಾರೆ. ಹರ್ಷ್ ಮತ್ತು ಫ್ರೇರೆಯನ್ನು ಒಂದೇ ಅಧ್ಯಾಯದಲ್ಲಿ ಕೂರಿಸಲು ಹೋದರೆ ಶಿಕ್ಷಕರು ನಿಮ್ಮನ್ನು ಶಪಿಸುತ್ತಾರೆ. ಮೇಗರ್ ಶೈಲಿಯ ಬಿಗಿ ಉದ್ದೇಶ ಬರೆದು, ಕೆಳಗೆ ಸ್ಟೆನ್‌ಹೌಸ್ ಶೈಲಿಯ ಮುಕ್ತ ಚರ್ಚೆ ಇಟ್ಟರೆ ಚರ್ಚೆ ನಾಟಕವಾಗುತ್ತದೆ. ಒಂದು ಘಟಕಕ್ಕೆ ಒಂದು ದಾರಿ, ಬೇರೆ ಘಟಕಕ್ಕೆ ಬೇರೆ ದಾರಿ ಎಂದರೆ ಮಾತ್ರ ಬೆರಕೆ ನಡೆಯುತ್ತದೆ.

ಸಮಿತಿ ರಚಿಸುವ ಹಂತದಲ್ಲಿ ಇರುವವರು ಜೋಸೆಫ್ ಶ್ವಾಬ್ ಮಾತು ಕೇಳಬೇಕು. 1969ರಲ್ಲಿ ಅವರು, ಈ ಕ್ಷೇತ್ರ ಸಿದ್ಧಾಂತಗಳನ್ನು ನೆಚ್ಚಿ ಸಾಯುವ ಸ್ಥಿತಿಗೆ ಬಂದಿದೆ ಎಂದು ಬೈದರು. ಕಲಿಯುವವರು, ಶಿಕ್ಷಕರು, ವಿಷಯ, ಪರಿಸರ, ಈ ನಾಲ್ಕನ್ನೂ ಬಲ್ಲವರು ಒಟ್ಟಿಗೆ ಕೂತು ನಿಜವಾದ ಒಂದು ಸಮಸ್ಯೆಯ ಮೇಲೆ ಚರ್ಚಿಸಬೇಕು, ಒಂದು ಕಡೆಯವರು ಉಳಿದವರ ಮೇಲೆ ಸವಾರಿ ಮಾಡಬಾರದು ಎಂಬುದು ಅವರ ಸಲಹೆ. ನಿಮ್ಮ ಸಮಿತಿಯಲ್ಲಿ ವಿಷಯ ತಜ್ಞರು ಎಂಟು, ತರಗತಿಯಲ್ಲಿ ಕಲಿಸುವವರು ಒಬ್ಬರು ಎಂದಾದರೆ ಯಾವ ಸಿದ್ಧಾಂತ ಗೆಲ್ಲುತ್ತದೆ ಎಂಬುದು ಆಗಲೇ ತೀರ್ಮಾನವಾಗಿದೆ.

ಇಷ್ಟೆಲ್ಲ ಓದಿದ ಮೇಲೂ 'ನನಗೆ ಆಯ್ಕೆಯೇ ಇಲ್ಲ, ಪಠ್ಯ ಮೇಲಿನಿಂದ ಬರುತ್ತದೆ' ಎನ್ನುವವರು ಬಹಳ ಜನ ಇರುತ್ತೀರಿ. ನಿಮಗೆ ಹಿಲ್ಡಾ ತಾಬಾ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಎಂಟು ವರ್ಷದ ಅಧ್ಯಯನದಲ್ಲಿ ಟೈಲರ್ ಜೊತೆ ಕೆಲಸ ಮಾಡಿದವರು ಇವರು. 1962ರಲ್ಲಿ ಅವರು ಕ್ರಮವನ್ನೇ ತಿರುಗಿಸಿದರು. ಮೊದಲು ಶಿಕ್ಷಕರು ತಮ್ಮ ಮಕ್ಕಳಿಗೆ ಏನು ಬರುವುದಿಲ್ಲ ಎಂದು ನೋಡಿ ಒಂದೇ ಒಂದು ಘಟಕ ಕಟ್ಟಲಿ, ತರಗತಿಯಲ್ಲಿ ನಡೆಸಿ ನೋಡಲಿ, ತಿದ್ದಲಿ. ಇಂಥ ಘಟಕಗಳು ಕೂಡಿದ ಮೇಲೆ ದೊಡ್ಡ ಚೌಕಟ್ಟು ಹಾಕಲಿ ಎಂದರು. ಹಾಗಾಗಿ ವರ್ಷದ ಪಠ್ಯದಲ್ಲಿ ಮಕ್ಕಳು ಪ್ರತಿ ಸಲ ಎಡವುವ ಒಂದು ಘಟಕ ಆರಿಸಿ. ಅದಕ್ಕೆ ಮೇಲಿನ ದಾರಿಗಳಲ್ಲಿ ಒಂದನ್ನು ಹಚ್ಚಿ. ಜೊತೆಗೆ ಕಲಿಸುವ ಇನ್ನೊಬ್ಬರಿಗೆ ಅದನ್ನೇ ಅವರ ತರಗತಿಯಲ್ಲಿ ನಡೆಸಲು ಕೊಡಿ. ಅವರ ಕೈಯಲ್ಲೂ ನಡೆದರೆ ಮಾತ್ರ ಎರಡನೇ ಘಟಕಕ್ಕೆ ಹೋಗಿ.